ತಾರಕಣ್ಣನ ರೀಡು ಬದಲಿಸಿದವರು

ನಮ್ಮ ಮನೆತನದಲ್ಲಿ ಪಿತ್ರಾರ್ಜಿತವಾಗಿ ಬಂದದ್ದು ಅನುಮಾನ ಒಂದೇ. ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ಅಪ್ಪ ಅವನ ಮೊಣಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಅಪ್ಪ ಹಾಗೆ ಯಾಕೆ ನಿಂತಿದ್ದಾರೆ ಎಂದು ಅಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅವರಿಬ್ಬರೂ ಹೋದ ಮೇಲೆ ಅದು ಅಣ್ಣನಿಗೂ ನನಗೂ ಸಮಪಾಲಾಗಿ ಬಂತು. ಈ ಆಸ್ತಿಯ ವಿಚಾರದಲ್ಲಿ ಮಾತ್ರ ನಾವಿಬ್ಬರೂ ಜಗಳವಾಡಲಿಲ್ಲ.

ಅಣ್ಣನಿಗೆ ಸಿಕ್ಕ ಕೆಲಸವೂ ಸ್ವಭಾವಕ್ಕೆ ಹೇಳಿ ಮಾಡಿಸಿದಂಥದು. ಪುರಸಭೆಯ ನೀರಿನ ವಿಭಾಗದಲ್ಲಿ ಸೋರಿಕೆ ಹುಡುಕುವುದು. ಬೆಳಗ್ಗೆ ಗಾಡಿಗಳ ಓಡಾಟ ಶುರುವಾಗುವ ಮುಂಚೆ ಬೀದಿಗಿಳಿದು, ಒಂದು ಕಬ್ಬಿಣದ ಕೋಲನ್ನು ನೀರಿನ ಕೊಳವೆಗೆ ಆನಿಸಿ, ಅದರ ಮೇಲ್ತುದಿಗೆ ಕಿವಿಯಿಟ್ಟು ಬಗ್ಗಿ ನಿಲ್ಲುತ್ತಿದ್ದ. ನೆಲದಡಿ ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಸಣ್ಣಗೆ ಸುಯ್ಯೆನ್ನುವುದು ಅವನಿಗೆ ಕೇಳಿಸುತ್ತಿತ್ತು. ‘ನಮ್ಮಲ್ಲಿ ಎಲ್ಲ ಸರಿಯಾಗಿದೆ’ ಎಂದು ಯಾರು ಜೋರಾಗಿ ಹೇಳುತ್ತಾರೋ ಅವರ ಮನೆ ಮುಂದೆಯೇ ಮೊದಲು ಅಗೆಯಬೇಕು ಎನ್ನುವುದು ಅವನ ಸಿದ್ಧಾಂತ. ಮೂವತ್ತು ವರ್ಷದಲ್ಲಿ ಅದು ಬಹಳ ಸಲ ನಿಜವೂ ಆಗಿದ್ದರಿಂದ ಅವನನ್ನು ತಿದ್ದುವವರು ಯಾರೂ ಇರಲಿಲ್ಲ. ಎರಡು ವರ್ಷದಿಂದ ಈಚೆಗೆ ಕೋಲು ಹೋಗಿ, ಮುಳ್ಳು ಅಲ್ಲಾಡುವ ಯಂತ್ರ ಬಂದಿದೆ. ಕಿವಿ ಮಾಡುತ್ತಿದ್ದ ಕೆಲಸವನ್ನು ಈಗ ಕಣ್ಣು ಮಾಡುತ್ತದೆ.

ಆದರೆ ಊರು ಅವನನ್ನು ಗುರುತಿಸುವುದು ನೀರಿನಿಂದಲ್ಲ, ಊದುವುದರಿಂದ. ಪುರಸಭೆಯ ಬ್ಯಾಂಡಿನಲ್ಲಿ ಅವನು ಮೊದಲನೇ ಕ್ಲಾರಿನೆಟ್. ಭಾನುವಾರ ಸಂಜೆ ಉದ್ಯಾನದ ಮಂಟಪದಲ್ಲಿ ಬ್ಯಾಂಡು ನುಡಿಸುವ ಕಡೆಯ ಹಾಡು ಮುಗಿಯುವ ಹೊತ್ತಿಗೆ ಕಹಳೆ, ಡ್ರಮ್ಮು ಎಲ್ಲವೂ ಒಮ್ಮೆಗೇ ನಿಂತುಬಿಡುತ್ತವೆ. ಅಣ್ಣನೊಬ್ಬನೇ ಕ್ಲಾರಿನೆಟ್ಟಿನ ತೀರಾ ಮೇಲಿನ ಸ್ವರ ಹಿಡಿದು ಎಂಟು ಎಣಿಸುವವರೆಗೆ ನಿಲ್ಲುತ್ತಾನೆ. ಹುಲ್ಲಿನ ಮೇಲೆ ಓಡಾಡುವ ಮಕ್ಕಳೂ ಆಗ ನಿಲ್ಲುತ್ತಾರೆ. ತಾರಕಣ್ಣ ಎಂದು ಹೆಸರು ಬಂದದ್ದು ಅದರಿಂದಲೇ. ನಮ್ಮ ಮನೆಯ ಜಗಳ ಕೇಳಿಸಿಕೊಂಡ ಅಕ್ಕಪಕ್ಕದವರು ಆ ಹೆಸರಿಗೆ ಬೇರೆ ಕಾರಣ ಹೇಳುತ್ತಾರೆ, ಅದಿರಲಿ. ಅತ್ತಿಗೆ ತೀರಿಕೊಂಡು ಹನ್ನೊಂದು ವರ್ಷವಾಯಿತು, ಮಕ್ಕಳಿಲ್ಲ. ವಾರವಿಡೀ ಮುಖ ಗಂಟಿಕ್ಕಿಕೊಂಡು ತಿರುಗುವ ಮನುಷ್ಯ ಆ ಎಂಟು ಎಣಿಕೆಗಾಗಿ ಬದುಕಿದ್ದ ಎಂದರೆ ತಪ್ಪಲ್ಲ.

ಅವನ ಪಕ್ಕದ ಕುರ್ಚಿಯಲ್ಲಿ, ಎರಡನೇ ಕ್ಲಾರಿನೆಟ್ಟಿಗೆ, ಬೀಗದಣ್ಣ ಕೂರುತ್ತಾರೆ. ಪೇಟೆಯಲ್ಲಿ ಅವರದು ಬೀಗ ರಿಪೇರಿಯ ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕು, ಅಷ್ಟೇ ಜಾಗ. ಕೀಲಿಕೈ ಕಳೆದುಕೊಂಡವರು ಕರೆದರೆ ಹೋಗಿ, ಎರಡು ತಂತಿ ಆಡಿಸಿ ಬಾಗಿಲು ತೆರೆದು ಕೊಡುತ್ತಾರೆ. ಅಂಥ ಕೈಯನ್ನು ನಾವು ಅಣ್ಣತಂಗಿ ಸುಮ್ಮನೆ ನಂಬುವುದುಂಟೇ? ಆದರೂ ಅಣ್ಣನಿಗೆ ಸ್ನೇಹಿತ ಅಂತ ಇದ್ದದ್ದು ಅವರೊಬ್ಬರೇ. ಇಪ್ಪತ್ತಾರು ವರ್ಷ ಒಂದೇ ಸ್ಟ್ಯಾಂಡಿನ ಮೇಲಿನ ಸ್ವರದ ಹಾಳೆಯನ್ನು ಇಬ್ಬರೂ ನೋಡಿಕೊಂಡು ನುಡಿಸಿದ್ದಾರೆ. ಹಾಳೆ ತಿರುಗಿಸುವುದು ಯಾವಾಗಲೂ ಬೀಗದಣ್ಣ.

ತೊಂದರೆ ಶುರುವಾದದ್ದು ರೀಡಿನಿಂದ. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ, ಜೊಂಡಿನಿಂದ ಮಾಡಿದ, ಬೆರಳುದ್ದದ ಚಕ್ಕೆ ಅದು. ತುದಿ ಉಗುರಿಗಿಂತ ತೆಳ್ಳಗಿರುತ್ತದೆ. ಅದು ಅದುರಿದರೇ ಸ್ವರ. ಹೊಸದನ್ನು ದಿನಕ್ಕಿಷ್ಟು ಊದಿ ಪಳಗಿಸಬೇಕು. ಸ್ವರ ಮಂಕಾಗಿದ್ದರೆ ತುದಿಯನ್ನು ಚಾಕುವಿನಿಂದ ಕೊಂಚ ಕೆರೆಯಬೇಕು, ಆಗ ಹೊಳಪು ಬರುತ್ತದೆ. ಹೆಚ್ಚು ಕೆರೆದರೆ ಮೇಲಿನ ಸ್ವರ ಒಡೆದು ಕೀಚು ಹೊರಡುತ್ತದೆ. ಅಣ್ಣ ಒಂದು ಚಪ್ಪಟೆ ಡಬ್ಬಿಯಲ್ಲಿ ನಾಲ್ಕು ರೀಡು ಇಟ್ಟುಕೊಂಡು, ಅವುಗಳ ಬುಡದಲ್ಲಿ ಪೆನ್ಸಿಲಿನಿಂದ ಒಂದರಿಂದ ನಾಲ್ಕರವರೆಗೆ ಬರೆದಿಡುತ್ತಿದ್ದ.

ಚಳಿಗಾಲ ಮುಗಿಯುವ ಹೊತ್ತಿಗೆ ರೀಡುಗಳೆಲ್ಲ ಮಂಕಾಗಿವೆ ಎಂದು ಗೊಣಗತೊಡಗಿದ. ಅಂಗಡಿಯವನು ಹಳೇ ಮಾಲು ದಾಟಿಸುತ್ತಿದ್ದಾನೆ ಎಂದ. ಬೇರೆ ಊರಿನಿಂದ ತರಿಸಿದ, ಅವೂ ಮಂಕು. ದಿನಾ ಸಂಜೆ ಕಿಟಕಿಯ ಹತ್ತಿರ ಕೂತು ಕೆರೆಯುತ್ತಿದ್ದ, ಊದುತ್ತಿದ್ದ, ಮತ್ತೆ ಕೆರೆಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಒಂದು ಸಲ ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟ.

ನನ್ನ ಮೇಲೂ ಅವನಿಗೆ ಒಳಗೊಳಗೇ ಏನೋ ಸಿಟ್ಟಿದೆ ಎಂದು ನನಗೆ ಆಗಲೇ ಅನಿಸಿತ್ತು. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದೇನೆ. ಕೋಟು, ಪರದೆ, ಶಾಲೆಯ ಸಮವಸ್ತ್ರ ಹೊಲಿಯುತ್ತೇನೆ. ಹಿಂದೆಲ್ಲ ಮಷೀನಿನ ಚಕ್ರ ಒಂಚೂರು ಕಿರುಗುಟ್ಟಿದರೆ ಸಾಕು, ಒಳಗಿನಿಂದಲೇ ‘ಪುಟ್ಟೀ, ಎಣ್ಣೆ’ ಎಂದು ಕೂಗುತ್ತಿದ್ದ. ಐವತ್ತೆರಡು ವರ್ಷದ ಹೆಂಗಸನ್ನು ಹಾಗೆ ಕರೆಯುವವನು ಅವನೊಬ್ಬನೇ. ಈಗ ಚಕ್ರ ವಾರಗಟ್ಟಲೆ ಕಿರುಚುತ್ತಿದ್ದರೂ ಅವನು ಕಮಕ್ ಕಿಮಕ್ ಅನ್ನಲಿಲ್ಲ. ಬೇಕೆಂದೇ ಸಹಿಸಿಕೊಂಡು ನನಗೆ ಬುದ್ಧಿ ಕಲಿಸುತ್ತಿದ್ದಾನೆ ಎಂದುಕೊಂಡೆ. ಅವನು ಬಾಯಿಬಿಟ್ಟು ಹೇಳುವವರೆಗೆ ಎಣ್ಣೆ ಹಾಕುವುದಿಲ್ಲ ಎಂದು ನಾನೂ ಹಟ ಹಿಡಿದೆ. ಗಿರಾಕಿಗಳು ಕಿವಿ ಮುಚ್ಚಿಕೊಂಡರು, ನಾನು ಬಿಡಲಿಲ್ಲ.

ಒಂದು ಸೋಮವಾರ ಡಬ್ಬಿ ತೆರೆದು ನೋಡುತ್ತ ಅಣ್ಣ ಕಲ್ಲಾದ. ಮೂರು ಎಂದು ಬರೆದಿದ್ದ ರೀಡು ತನ್ನದಲ್ಲ ಎಂದ. ಜೊಂಡಿನ ಗೆರೆಗಳು ಬೇರೆ, ಮೂರರ ಬಾಲವೂ ಬೇರೆ. ಭೂತಗನ್ನಡಿ ಹಿಡಿದು ನನಗೂ ತೋರಿಸಿದ. ನಿಜ, ಅವನ ಮೂರು ಯಾವಾಗಲೂ ಬಾಲ ಮುದುರಿಕೊಂಡಿರುತ್ತದೆ, ಇದರದು ಚಾಚಿಕೊಂಡಿತ್ತು. ಯಾರೋ ಅವನ ರೀಡು ತೆಗೆದು, ಮಂಕು ರೀಡು ಇಟ್ಟು, ಅಂಕಿಯನ್ನೂ ನಕಲು ಮಾಡಿದ್ದರು.

ಯಾರು ಎನ್ನುವುದಕ್ಕೆ ಪಂಚಾಯ್ತಿ ಬೇಕಿರಲಿಲ್ಲ. ಅಣ್ಣ ಎಡವಿದರೆ ಮೊದಲನೇ ಕುರ್ಚಿ ಯಾರಿಗೆ ಹೋಗುತ್ತದೆ? ಬೀಗದಣ್ಣನಿಗೆ. ಮೇಲಾಗಿ ಆ ತಿಂಗಳ ಕೊನೆಯ ಭಾನುವಾರ ಬ್ಯಾಂಡಿಗೆ ಐವತ್ತು ವರ್ಷ ತುಂಬುವ ಕಾರ್ಯಕ್ರಮವಿತ್ತು. ಆವತ್ತು ಸ್ವರ ಒಡೆದರೆ ಬ್ಯಾಂಡ್ ಮೇಷ್ಟ್ರು ಕುರ್ಚಿ ಬದಲಾಯಿಸುವುದು ಖಂಡಿತ. ಅಣ್ಣ ಅದೇ ದಿನ ಪೇಟೆಗೆ ಹೋಗಿ ಕ್ಲಾರಿನೆಟ್ಟಿನ ಪೆಟ್ಟಿಗೆಗೆ ಒಂದು ಬೀಗ ತಂದ. ಎಲ್ಲಿಂದ ತಂದೆ ಎಂದು ಕೇಳಿದೆ. ಬೀಗದಣ್ಣನ ಅಂಗಡಿಯಿಂದಲೇ ತಂದಿದ್ದ; ಬೇರೆ ಕಡೆ ಕೊಂಡರೆ ಅವರಿಗೆ ಅನುಮಾನ ಬರುತ್ತದಂತೆ. ಕಳ್ಳನ ಕೈಗೇ ಕೀಲಿಕೈ ಕೊಟ್ಟು ಬಂದವನಿಗೆ ಏನು ಹೇಳುವುದು? ಮುಂದಿನ ವಾರ ಎರಡನೇ ನಂಬರಿನದೂ ಬದಲಾಗಿತ್ತು.

ಆಗ ನಾನು ಕೈ ಹಾಕಿದೆ. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣವನ್ನು ನುಣ್ಣಗೆ ಅರೆದು, ರೀಡಿನ ಡಬ್ಬಿಯೊಳಗಿನ ನೀಲಿ ಬಟ್ಟೆಗೆ ಬೆರಳಿನಿಂದ ತಿಕ್ಕಿದೆ. ನೀಲಿಯ ಮೇಲೆ ನೀಲಿ ಕಾಣುವುದಿಲ್ಲ, ಆದರೆ ರೀಡು ಎತ್ತಿದವನ ಬೆರಳಿಗೆ ಅಂಟುತ್ತದೆ. ಕಾರ್ಯಕ್ರಮದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಕಡೆಯ ಅಭ್ಯಾಸ. ಬ್ಯಾಂಡಿನವರ ಕೋಟು ಹೊಲಿಯುವವಳೂ ನಾನೇ ಆದ್ದರಿಂದ ಟೇಪು, ಗುಂಡುಸೂಜಿ ಹಿಡಿದು ಹೋಗುವುದಕ್ಕೆ ನೆಪ ಹುಡುಕಬೇಕಾಗಿರಲಿಲ್ಲ.

ಅಭ್ಯಾಸ ನಡೆಯುವುದು ಪುರಸಭೆಯ ಹಳೇ ಗೋದಾಮಿನಲ್ಲಿ. ಎಲ್ಲರೂ ಪೆಟ್ಟಿಗೆಗಳನ್ನು ಹಿಂದಿನ ಕೋಣೆಯ ಮೇಜಿನ ಮೇಲಿಟ್ಟು ಕಬ್ಬಿಣದ ಕುರ್ಚಿ ಜೋಡಿಸಲು ಹೋಗುತ್ತಾರೆ. ಅಣ್ಣನೂ ಹೋದ, ಬೇಕೆಂದೇ ನಿಧಾನ ಮಾಡಿದ. ಬೀಗದಣ್ಣ ಮಾತ್ರ ನಲ್ಲಿಯ ಹತ್ತಿರ ನಿಂತು ಸೋಪು ಹಚ್ಚಿ ಕೈ ತೊಳೆದರು. ಒಂದು ಸಲವಲ್ಲ, ಮೂರು ಸಲ. ಊದುವವನಿಗೆ ಇಷ್ಟು ಮಡಿ ಯಾಕೆ ಎಂದುಕೊಂಡೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ, ಎರಡು ನಿಮಿಷ ಬಿಟ್ಟು ಬಂದರು, ಹಾಲು ಕುಡಿದ ಬೆಕ್ಕಿನ ಹಾಗೆ ಸದ್ದಿಲ್ಲದೆ.

ತೋಳಿನ ಅಳತೆ ನೋಡಬೇಕು, ಕೈ ಚಾಚಿ ಎಂದೆ. ಪಾಪದವರ ಹಾಗೆ ಎರಡೂ ಕೈ ಚಾಚಿದರು. ಎಣ್ಣೆ ಕಪ್ಪು ಹಿಡಿದ ದಪ್ಪ ಬೆರಳುಗಳು. ತಿರುಗಿಸಿ ನೋಡಿದೆ. ಬಲಗೈ ಹೆಬ್ಬೆರಳು, ತೋರುಬೆರಳಿನ ತುದಿಯ ಗೆರೆಗಳಲ್ಲೆಲ್ಲ ನೀಲಿ.

ಸತ್ಯ ಹೇಳಬೇಕೆಂದರೆ ಆಗ ನನಗಾದ ಖುಷಿ ಅಷ್ಟಿಷ್ಟಲ್ಲ. ಆ ಕೈಯನ್ನು ಬಿಡದೆ ಅಣ್ಣನನ್ನು ಕರೆದು ತೋರಿಸಿದೆ. ಕುರ್ಚಿ ಎಳೆಯುವ ಸದ್ದು ನಿಂತಿತು. ಬೀಗದಣ್ಣ ತಮ್ಮ ಬೆರಳನ್ನು ತಾವೇ ನೋಡಿಕೊಂಡರು, ನನ್ನ ಕಡೆ ನೋಡಿದರು, ಕೈ ಎಳೆದುಕೊಳ್ಳಲಿಲ್ಲ.

“ಹೌದು, ನಾನೇ ಬದಲಾಯಿಸಿದ್ದು. ಮೂರು ತಿಂಗಳಾಯ್ತು,” ಅಂದರು.

“ಕುರ್ಚಿ ಆಸೆಗೆ,” ಅಣ್ಣ ಅಂದ.

“ಕುರ್ಚಿ ಬೇಕಿದ್ರೆ ಸುಮ್ನೆ ಕೂತಿರ್ತಿದ್ದೆ. ನೀನು ಕೆರೆದಿದ್ದ ರೀಡಲ್ಲೇ ನೀನು ಊದಿದ್ರೆ ಒಂದೇ ಭಾನುವಾರ ಸಾಕಾಗಿತ್ತು.”

ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಅದರಲ್ಲಿ ಅಣ್ಣನ ರೀಡುಗಳಿದ್ದವು, ಮೂರು ರೀಡುಗಳ ಬುಡದಲ್ಲಿ ಬಾಲ ಮುದುರಿದ ಮೂರರ ಅಂಕಿಯೇ ಇತ್ತು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುದಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಆಚೆ ಬದಿಯ ಬೆಳಕು ಕಾಣುತ್ತಿತ್ತು. ಅಣ್ಣ ಹಾಗೆ ಕೆರೆದಾಗಲೆಲ್ಲ ಬೀಗದಣ್ಣ ತಾವು ಪಳಗಿಸಿದ ಗಟ್ಟಿ ರೀಡನ್ನು ಅದರ ಜಾಗದಲ್ಲಿ ಇಡುತ್ತ ಬಂದಿದ್ದರು. ಇನ್ನೊಬ್ಬನ ಬಾಯಿಗೆ ಹೋಗುವ ವಸ್ತು ಎಂದು ಮೂರು ಸಲ ಕೈ ತೊಳೆಯುತ್ತಿದ್ದರು. ಮೂರು ತಿಂಗಳಿಂದ ಉದ್ಯಾನದಲ್ಲಿ ಜನ ಕೇಳಿದ್ದು ಆ ರೀಡುಗಳನ್ನು.

“ಅವನ್ನೂ ನೀನೇ ಕೆರೆದಿರ್ತೀಯ,” ಅಂದ ಅಣ್ಣ.

“ರೀಡು ಮಂಕಾಗಿಲ್ಲ ಕಣೋ. ನಿನಗೆ ಮೇಲಿನ ಸ್ವರ ಸರಿಯಾಗಿ ಕೇಳಿಸ್ತಿಲ್ಲ.”

“ಹಾಗಿದ್ರೆ ಆಗಲೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಂಬ್ತಿದ್ಯಾ?”

ಅಣ್ಣ ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಟ್ಟ. ಬ್ಯಾಂಡ್ ಮೇಷ್ಟ್ರು ಬಾಗಿಲವರೆಗೆ ಹಿಂದೆ ಹೋಗಿ ನಾಳೆಯ ಗತಿಯೇನು ಎಂದು ಕೇಳಿದರು. ಕಿವುಡನನ್ನು ಕಟ್ಟಿಕೊಂಡು ಏನು ಮಾಡ್ತೀರಿ, ಕುರ್ಚಿಯನ್ನು ಕಳ್ಳನಿಗೇ ಕೊಡಿ ಎಂದು ಹೇಳಿ ಹೋದ.

ಮನೆಗೆ ಬರುವವರೆಗೂ ನಾನು ಅಣ್ಣನ ಪಕ್ಷವೇ. ಕಿವುಡ ಎಂದು ಊರಿಗೆಲ್ಲ ಹಬ್ಬಿಸಿ ಕುರ್ಚಿ ಹೊಡೆಯುವ ಹೊಸ ಉಪಾಯ ಇದು ಎಂದು ಇಬ್ಬರೂ ತೀರ್ಮಾನಿಸಿದೆವು. ಇನ್ನೂ ಬೆಳಕಿತ್ತು. ಮೇಷ್ಟ್ರ ಕೋಟಿನ ಅಂಚು ಬಾಕಿಯಿತ್ತು, ಸಿಟ್ಟಿನಲ್ಲೇ ಮಷೀನು ತುಳಿದೆ. ಚಕ್ರ ಕಿರುಚಿತು. ಅಣ್ಣ ಎದುರಿನ ಕುರ್ಚಿಯಲ್ಲೇ ಕೂತಿದ್ದ, ಹುಬ್ಬು ಸಹ ಅಲ್ಲಾಡಲಿಲ್ಲ. ನನ್ನ ಕಾಲು ನಿಂತಿತು. ಅವನು ನನಗೆ ಬುದ್ಧಿ ಕಲಿಸುತ್ತಿರಲಿಲ್ಲ. ತಿಂಗಳುಗಟ್ಟಲೆ ಸಾಕ್ಷಿ ನನ್ನ ಕಾಲ ಕೆಳಗೇ ಕಿರುಚುತ್ತಿತ್ತು, ನಾನು ಅದನ್ನೂ ಅನುಮಾನಕ್ಕೇ ಜಮಾ ಮಾಡಿಕೊಂಡಿದ್ದೆ.

“ಅಣ್ಣ, ಇದು ಕೇಳಿಸ್ತಾ?” ಎಂದು ಕೈಯಿಂದ ಚಕ್ರ ತಿರುಗಿಸಿದೆ.

“ಕೇಳಿಸ್ದೆ ಏನು? ಟಕಟಕ ಅಂತಿದೆ.”

“ಅದರ ಮೇಲೆ ಇನ್ನೊಂದಿದೆಯಲ್ಲ.”

ಅವನು ನನ್ನ ಮುಖವನ್ನೇ ದಿಟ್ಟಿಸಿದ. ಆ ನೋಟ ನನಗೆ ಗೊತ್ತು. ‘ನಮ್ಮಲ್ಲಿ ಎಲ್ಲ ಸರಿಯಾಗಿದೆ’ ಎಂದವರ ಅಂಗಳವನ್ನು ನೋಡುವ ನೋಟ. ಬೀಗದವನ ಜೊತೆ ನಾನೂ ಸೇರಿಕೊಂಡೆನೇ ಎಂದು ತೂಗುತ್ತಿದ್ದ. ಅಷ್ಟರಲ್ಲಿ ಎದುರುಮನೆಯ ಟೀಚರಮ್ಮ ತಮ್ಮ ಪರದೆ ಕೇಳಲು ಬಂದರು. ನನ್ನ ಕೈ ಇನ್ನೂ ಚಕ್ರದ ಮೇಲಿತ್ತು, ಸುಮ್ಮನೆ ತಿರುಗಿಸಿದೆ. ಅವರು ಬಾಗಿಲಲ್ಲೇ ನಿಂತು ಎರಡೂ ಕಿವಿ ಮುಚ್ಚಿಕೊಂಡರು.

“ಇದಕ್ಕೊಂದು ತೊಟ್ಟು ಎಣ್ಣೆ ಹಾಕೋಕೆ ನಿಮಗೇನು ಬಂತು? ನಮ್ಮನೆವರೆಗೂ ಕೇಳಿಸುತ್ತೆ,” ಅಂದರು.

ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅಣ್ಣನಿಗೂ ಗೊತ್ತಾಯಿತು. ಅವನು ಎದ್ದು ಬಂದು, ಟೀಚರಮ್ಮ ಹೋದ ಮೇಲೆ ತಾನೇ ಚಕ್ರ ತಿರುಗಿಸಿದ, ಮಷೀನಿಗೆ ಕಿವಿ ತಾಗುವಷ್ಟು ಬಗ್ಗಿ ಮತ್ತೆ ಮತ್ತೆ ತಿರುಗಿಸಿದ. ಸಾಕು ಎಂದು ಅವನ ಕೈ ಹಿಡಿದುಕೊಂಡೆ.

ಮರುದಿನ ಬೆಳಗ್ಗೆ ಅವನು ಮುಂದೆ, ನಾನು ಹಿಂದೆ, ಬೀಗದ ಅಂಗಡಿಗೆ ಹೋದೆವು. ಕ್ಷಮೆ ಕೇಳುವುದು ನಮ್ಮ ಮನೆತನಕ್ಕೆ ಬಾರದ ವಿದ್ಯೆ. ಅಣ್ಣ ಪೆಟ್ಟಿಗೆಯ ಬೀಗ ಬಿಚ್ಚಿ, ಕೀಲಿಕೈ ಸಮೇತ ಅವರ ಮುಂದಿಟ್ಟು, ಇದು ಇನ್ನು ಬೇಡ ಎಂದ. ಮಾರಿದ ಮಾಲು ವಾಪಸ್ ತಗೊಳ್ಳಲ್ಲ ಎಂದು ಬೀಗದಣ್ಣ ಅದನ್ನು ಅವನ ಕಡೆಗೇ ತಳ್ಳಿದರು. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದು ಒಂದು ರೀಡು ಕೊಟ್ಟರು. ನಾನೂ ನಿನ್ನೆ ಮಾಡಿದ್ದಕ್ಕೆ ಏನಾದರೂ ಹೇಳಬೇಕೆಂದುಕೊಂಡೆ. ಕೋಟಿನ ತೋಳು ಅರ್ಧ ಇಂಚು ಉದ್ದ ಮಾಡಿದ್ದೇನೆ ಎಂದಷ್ಟೇ ಹೇಳಲು ಸಾಧ್ಯವಾಯಿತು.

ಗೋಡೆಯ ತುಂಬ ನೇತಾಡುವ ಕೀಲಿಕೈಗಳ ನಡುವೆ ನಿಂತು ಅಣ್ಣ ಮೇಲಿನ ಸ್ವರ ಊದಿದ. ಸರಿಯಾಗಿ ಕೇಳಿಸದ ಕಾರಣ ರೀಡನ್ನು ತುಟಿಯಿಂದ ಅತಿಯಾಗಿ ಒತ್ತಿದ. ಸ್ವರ ನಡುವೆ ಒಡೆಯಿತು.

“ಬಂತಾ?” ಅಂದ.

“ಬಂತು,” ಅಂದರು ಬೀಗದಣ್ಣ, ಕೊಂಚ ಬೇಗನೇ.

ಅಣ್ಣ ಬಾಗಿಲ ಹೊರಗೆ ನಿಂತಿದ್ದ ನನ್ನ ಕಡೆ ತಿರುಗಿದ. ಬೀಗದಣ್ಣ ಅವನ ಬೆನ್ನ ಹಿಂದಿನಿಂದ ನನಗೆ ಕಣ್ಣು ಮಾಡುತ್ತಿದ್ದರು.

“ಇಲ್ಲ. ಒಡೀತು,” ಅಂದೆ.

ಬೀಗದಣ್ಣ ನನ್ನನ್ನು ನುಂಗುವಂತೆ ನೋಡಿದರು. ಅಣ್ಣ ಮಾತ್ರ ಮೂರು ತಿಂಗಳಿಂದ ಕಾಣದ ನೆಮ್ಮದಿಯಲ್ಲಿ ಉಸಿರು ಬಿಟ್ಟ. ತುಟಿ ಸಡಿಲ ಮಾಡಿ ಮತ್ತೆ ಊದಿದ. ಈ ಸಲ ಸ್ವರ ನೇರವಾಗಿ ಹೋಗಿ ನಿಂತಿತು, ಗೋಡೆಯ ಕೀಲಿಕೈಗಳು ಸಣ್ಣಗೆ ಅದುರಿದವು. ಬಂತು ಎಂದೆ. ಅವನು ಎರಡನೇ ಸಲ ಕೇಳಲಿಲ್ಲ.

ಅಲ್ಲೇ ಒಪ್ಪಂದವಾಯಿತು. ಈ ಸಂಜೆ ಮೊದಲನೇ ಕುರ್ಚಿಯಲ್ಲಿ ಅಣ್ಣನದು ಕಡೆಯ ಸಲ. ಮುಂದಿನ ವಾರದಿಂದ ಅದು ಬೀಗದಣ್ಣನಿಗೆ. ಎರಡನೆಯದರ ಕೆಳಗಿನ ಸ್ವರಗಳು ಅಣ್ಣನಿಗೆ ಚೆನ್ನಾಗಿಯೇ ಕೇಳಿಸುತ್ತವೆ. ಹಾಳೆ ಮಾತ್ರ ತಾನೇ ತಿರುಗಿಸುವುದು ಎಂದು ಬೀಗದಣ್ಣ ಹಟ ಹಿಡಿದರು. ಚಪ್ಪಾಳೆಯನ್ನು ಅಣ್ಣ ನಂಬುವವನಲ್ಲ. ಜನ ಮರುಕಕ್ಕೂ ತಟ್ಟುತ್ತಾರೆ. ಅದಕ್ಕೇ ನನಗೊಂದು ಕೆಲಸ ಹಚ್ಚಿದ. ನಾನು ಮೂರನೇ ಸಾಲಿನಲ್ಲಿ ಕೂರಬೇಕು. ಸ್ವರ ಒಡೆದರೆ ಎದ್ದು ನಿಲ್ಲಬೇಕು, ಸರಿಯಾಗಿ ಬಂದರೆ ಕೂತೇ ಇರಬೇಕು. “ಸುಳ್ಳು ಹೇಳ್ಬೇಡ ಪುಟ್ಟಿ,” ಅಂದ. ಹೇಳುವುದಿಲ್ಲ ಎಂದೆ.

ಸಂಜೆ ಉದ್ಯಾನ ತುಂಬಿತ್ತು. ಕಡೆಯ ಹಾಡು ಬಂತು. ಡ್ರಮ್ಮು ನಿಂತಿತು, ಕಹಳೆಗಳು ನಿಂತವು. ಅಣ್ಣ ಕಣ್ಣು ಮುಚ್ಚಿಕೊಂಡು ಊದಿದ. ನಾನು ಬೆರಳು ಮಡಿಸುತ್ತ ಎಣಿಸಿದೆ. ನಾಲ್ಕರಲ್ಲಿ ಒಡೆಯುತ್ತದೆ ಎಂದುಕೊಂಡೆ, ಒಡೆಯಲಿಲ್ಲ. ಆರರಲ್ಲಿ ಎಂದುಕೊಂಡೆ. ಎಂಟೂ ಮುಗಿಯಿತು. ಅಷ್ಟು ಶುದ್ಧವಾದ ಸ್ವರವನ್ನು ನಾನು ಅವನಿಂದ ಮೊದಲು ಕೇಳಿದ್ದೆನೋ ಇಲ್ಲವೋ. ಆ ಉದ್ಯಾನದಲ್ಲಿ ಅದು ಸರಿಯಾಗಿ ಕೇಳಿಸದೆ ಹೋದದ್ದು ಅವನೊಬ್ಬನಿಗೇ.

ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನವರು ಎದ್ದು ನಿಂತರು, ಎರಡನೇ ಸಾಲಿನವರು ನಿಂತರು, ನೋಡನೋಡುತ್ತ ಇಡೀ ಉದ್ಯಾನವೇ ಎದ್ದು ನಿಂತಿತು. ನನ್ನ ಮುಂದೆ ಬರೀ ಬೆನ್ನುಗಳು. ನಾನು ಎರಡೂ ಕೈಯಿಂದ ಕುರ್ಚಿ ಹಿಡಿದುಕೊಂಡು ಕೂತೇ ಇದ್ದೆ.

“ಸ್ವಂತ ಅಣ್ಣ ಅಲ್ವಾ? ಎದ್ದು ನಿಲ್ಲೋಕೂ ಹೊಟ್ಟೆಕಿಚ್ಚಾ?” ಎಂದರು ಪಕ್ಕದಲ್ಲಿ ನಿಂತಿದ್ದ ಟೀಚರಮ್ಮ.

ನಾನು ಅಲುಗಾಡಲಿಲ್ಲ. ಬೆನ್ನುಗಳ ಸಂದಿಯಿಂದ ಅಣ್ಣನ ಕೋಟಿನ ಗುಂಡಿಗಳು ಕಂಡವು. ಅವನು ಮಂಟಪದ ಅಂಚಿಗೆ ಬಂದು ಆಚೆ ಈಚೆ ಕತ್ತು ಚಾಚಿ ಹುಡುಕುತ್ತಿದ್ದ. ನಿಂತವರೆಲ್ಲರ ನಡುವೆ ನಾನು ನಿಂತಿದ್ದೇನೋ ಕೂತಿದ್ದೇನೋ ಅವನಿಗೆ ಹೇಗೆ ಗೊತ್ತಾಗಬೇಕು? ಆಮೇಲೆ ಕ್ಲಾರಿನೆಟ್ಟನ್ನು ಬೀಗದಣ್ಣನ ಕೈಗೆ ಕೊಟ್ಟು, ಹಿಂದೆ ಬೀದಿಯಲ್ಲಿ ಕೊಳವೆಗೆ ಬಗ್ಗುತ್ತಿದ್ದ ಹಾಗೆಯೇ ಸೊಂಟ ಬಗ್ಗಿಸಿ, ತಲೆ ಮಂಟಪದ ನೆಲಕ್ಕೆ ತಾಗುವಷ್ಟು ತಗ್ಗಿಸಿ, ಜನರ ಕಾಲುಗಳ ನಡುವಿನಿಂದ ನೋಡಿದ.

ಕೂತೇ ಇದ್ದ ನಾನು ಅವನಿಗೆ ಕಂಡೆ. ಅಣ್ಣ ಹಾಗೆ ಬಗ್ಗಿಕೊಂಡೇ ಕಣ್ಣು ಒರೆಸಿಕೊಂಡ.